ರಾ ಸಿಲ್ಕ್‌ನಲ್ಲಿ ದಿನವೂ ಹಾಕುವಂಥ ಟಾಪ್ ಹೊಲಿಯುವುದು ಹೇಗೆ?

"ಮದುವೆಯಲ್ಲಿ ಬಂದ ರಾ ಸಿಲ್ಕ್ ಪೀಸ್ ಬೀರುವಿನಲ್ಲಿ ಹಾಗೇ ಬಿದ್ದಿದೆ, ಏನು ಹೊಲಿಯಲಿ?" "ಕತ್ತರಿ ಹಾಕಿದರೆ ಎಳೆ ಬಿಚ್ಚಿಕೊಂಡು ಹೋಗುತ್ತಂತೆ, ಹೌದಾ?" "ಮನೆಯಲ್ಲೇ ತೊಳೆಯಬಹುದಾ, ಡ್ರೈಕ್ಲೀನಿಂಗೇ ಆಗಬೇಕಾ?" ಈ ಮೂರು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲೇ ಒಂದು ಮಾತು. ರಾ ಸಿಲ್ಕ್ ಎಂದ ಕೂಡಲೇ ಪ್ರಿನ್ಸೆಸ್ ಕಟ್, ಪೈಪಿಂಗ್, ಕೈಗೆ ಲೇಸ್ ಎಂದು ಯೋಚಿಸುವವರೇ ಹೆಚ್ಚು. ಈ ಬಟ್ಟೆಗೆ ಅದ್ಯಾವುದೂ ಬೇಡ. ಅದರ ಅಂದವೆಲ್ಲ ಮೈಮೇಲಿನ ಉಬ್ಬು ಗೆರೆಗಳಲ್ಲೇ ಇದೆ. ಟಕ್ಸ್, ಅಂದರೆ ಮೈಗೆ ಹೊಂದಿಸಲು ಹಿಡಿಯುವ ಮಡಿಕೆ, ಹೆಚ್ಚಾದಷ್ಟೂ ಆ ಗೆರೆಗಳು ತುಂಡಾಗುತ್ತವೆ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಎರಡು ಆಯತ, ಒಂದು ಕತ್ತು, ಅಷ್ಟೇ ಇರುವ ಟಾಪ್. ಟಕ್ಸ್ ಇಲ್ಲ, ಜಿಪ್ ಇಲ್ಲ, ಬೇರೆ ತೋಳು ಕೂಡ ಇಲ್ಲ. ಭುಜದಿಂದ ಇಳಿದ ಬಟ್ಟೆಯೇ ಗಿಡ್ಡ ತೋಳಾಗುತ್ತದೆ. ಜೀನ್ಸ್ ಮೇಲೂ ನಡೆಯುತ್ತದೆ, ಕಾಟನ್ ಪ್ಯಾಂಟ್ ಮೇಲೂ ನಡೆಯುತ್ತದೆ.

ಈ ಬಟ್ಟೆ ಯಾವುದು?

ರೇಷ್ಮೆ ಉದ್ಯಮದವರ ಭಾಷೆಯಲ್ಲಿ ರಾ ಸಿಲ್ಕ್ ಎಂದರೆ ಬಟ್ಟೆಯಲ್ಲ, ಅಂಟು ತೆಗೆಯದ ನೂಲು. ರೇಷ್ಮೆ ಎಳೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ನೂಲಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದೇ. ಬಟ್ಟೆ ಅಂಗಡಿಯಲ್ಲಿ ಮಾತ್ರ ಒರಟು ಉಬ್ಬಿರುವ, ಗರಿಗರಿಯಾದ ರೇಷ್ಮೆಯನ್ನೆಲ್ಲ ರಾ ಸಿಲ್ಕ್ ಎಂದೇ ಕರೆಯುತ್ತಾರೆ. ನಿಮ್ಮ ಕೈಗೆ ಬರುವುದು ಹೆಚ್ಚಾಗಿ ಡುಪಿಯಾನ್.

ಸಾಮಾನ್ಯವಾಗಿ ಒಂದು ಹುಳ ಒಂದು ಗೂಡು ಕಟ್ಟುತ್ತದೆ. ಕೆಲವೊಮ್ಮೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಒಳಗೆ ಎರಡರ ಎಳೆಗಳೂ ಹೆಣೆದುಕೊಂಡಿರುವುದರಿಂದ ಅಂಥ ಜೋಡಿ ಗೂಡಿನಿಂದ ನಯವಾದ ನೂಲು ಬಿಚ್ಚಲು ಆಗುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುನಡುವೆ ಗಂಟು. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ಬಿಚ್ಚುವವರು ಇಂಥ ಗೂಡುಗಳನ್ನು ಬೇರೆ ಆರಿಸಿಡುತ್ತಾರೆ. ಆ ದಪ್ಪ ನೂಲನ್ನು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ ಹಾಕಿ, ಹಾಸಿಗೆ, ಅಂದರೆ ಉದ್ದ ಎಳೆಗೆ ನಯವಾದ ನೂಲು ಹಾಕಿ ನೇಯ್ದರೆ ಡುಪಿಯಾನ್. ಬೆರಳಿನಿಂದ ಸವರಿದಾಗ ಸಿಕ್ಕುವ ಗೆರೆಗಳೆಲ್ಲ ಅಡ್ಡಡ್ಡ ಇರುವುದು ಇದಕ್ಕೇ. ಇದನ್ನು ನೆನಪಿಟ್ಟುಕೊಳ್ಳಿ, ಕತ್ತರಿಸುವಾಗ ಬೇಕಾಗುತ್ತದೆ.

ಕೊಳ್ಳುವಾಗ ಮೋಸ ಹೋಗುವುದು ಸುಲಭ. ಪಾಲಿಯೆಸ್ಟರ್‌ನಲ್ಲೂ ಇದೇ ಉಬ್ಬು ತರುತ್ತಾರೆ, ಹೆಸರು ಆರ್ಟ್ ಸಿಲ್ಕ್. ಮೀಟರಿಗೆ ಇನ್ನೂರು ರೂಪಾಯಿಗೆ ಸಿಕ್ಕಿದ್ದು ರೇಷ್ಮೆಯಾಗಿರಲು ಸಾಧ್ಯವೇ ಇಲ್ಲ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ, ಅಪ್ಪಟ ರೇಷ್ಮೆ ಎಂದು ಸೂಚಿಸುವ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಒಳ್ಳೆಯದು. ಆದರೆ ಥಾನಿನಿಂದ ಕತ್ತರಿಸಿ ಕೊಟ್ಟ ಬಟ್ಟೆಗೆ ಚೀಟಿ ಸಿಗುವುದು ಅಪರೂಪ. ಹಾಗಾಗಿ ಮನೆಯಲ್ಲಿ ಸುಟ್ಟು ನೋಡಿ: ಹಾಸಿನಿಂದ ಎರಡೆಳೆ, ಹೊಕ್ಕಿನಿಂದ ಎರಡೆಳೆ ಬೇರೆ ಬೇರೆಯಾಗಿ ತೆಗೆದು, ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದದ ಹಾಗೆ ಭಗ್ಗನೆ ಉರಿದರೆ ವಿಸ್ಕೋಸ್ ಅಥವಾ ಹತ್ತಿ. ಎರಡೂ ಕಡೆಯ ಎಳೆ ಸುಡಿ ಎಂದಿದ್ದೇಕೆಂದರೆ, ಹಾಸು ರೇಷ್ಮೆ ಇದ್ದು ಹೊಕ್ಕು ಬೇರೆ ಇರುವ ಬಟ್ಟೆಗಳೂ ಉಂಟು.

ಮಟ್ಕಾ, ಟಸರ್ ಎಂಬ ಒರಟು ರೇಷ್ಮೆ ಬಟ್ಟೆಗಳಿಗೂ ಇದೇ ಕ್ರಮ ಸರಿಹೋಗುತ್ತದೆ. ವೆಲ್ವೆಟ್‌ಗೆ ಇಲ್ಲ, ಅದರ ದಾರಿಯೇ ಬೇರೆ.

ಬೇಕಾದ ಸಾಮಾನು

ಲೆಕ್ಕಕ್ಕೆ ಎದೆ ಸುತ್ತಳತೆ 36 ಇಂಚು, ಟಾಪ್ ಉದ್ದ 25 ಇಂಚು ಎಂದಿಟ್ಟುಕೊಂಡಿದ್ದೇನೆ. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು.

ರಾ ಸಿಲ್ಕ್ 1.6 ಮೀಟರ್ ತನ್ನಿ. ಲೈನಿಂಗ್‌ಗೆ ಮಲ್ ಕಾಟನ್ ಅಷ್ಟೇ ಇರಲಿ. ಬ್ಲೌಸ್‌ಗೆ ಹಾಕುವ ರುಬಿಯಾ ಆದರೂ ಪರವಾಗಿಲ್ಲ, ಆದರೆ ಮಲ್ ಮೆತ್ತಗೆ, ಬೆವರು ಹೀರುತ್ತದೆ. ಸ್ಯಾಟಿನ್ ಲೈನಿಂಗ್ ಮಾತ್ರ ಬೇಡವೇ ಬೇಡ, ಏಪ್ರಿಲ್‌ನಲ್ಲಿ ಹಾಕಿಕೊಂಡು ಬಸ್ಸು ಹತ್ತಿದರೆ ಯಾಕೆಂದು ಗೊತ್ತಾಗುತ್ತದೆ. 11 ನಂಬರಿನ ಹೊಸ ಮೆಷಿನ್ ಸೂಜಿ, ಬಣ್ಣ ಹೊಂದುವ ತೆಳು ಪಾಲಿಯೆಸ್ಟರ್ ದಾರ, ಕೈಹೊಲಿಗೆಗೆ ಸಣ್ಣ ಸೂಜಿ, ಗುಂಡುಸೂಜಿ, ಟೈಲರ್ ಚಾಕ್, ಹರಿತವಾದ ಕತ್ತರಿ. ಸೂಜಿ ಹೊಸದೇ ಆಗಿರಲಿ. ತುದಿ ಮೊಂಡಾದ ಸೂಜಿ ರೇಷ್ಮೆ ಎಳೆಯನ್ನು ಚುಚ್ಚದೆ ಎಳೆದುಬಿಡುತ್ತದೆ, ಹೊಲಿಗೆಯ ಉದ್ದಕ್ಕೂ ಬಟ್ಟೆ ಸುಕ್ಕಾಗುತ್ತದೆ.

ಹಂತ 1: ಮೊದಲು ನೀರು, ಆಮೇಲೆ ಕತ್ತರಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಓದುವುದಾದರೆ ಇದನ್ನು ಓದಿ. ದಿನಬಳಕೆಯ ಬಟ್ಟೆ ಎಂದರೆ ಮನೆಯಲ್ಲೇ ತೊಳೆಯುವ ಬಟ್ಟೆ. ಮುಂದೆ ಹೇಗೆ ತೊಳೆಯುತ್ತೀರೋ, ಕತ್ತರಿಸುವ ಮುಂಚೆಯೇ ಒಮ್ಮೆ ಹಾಗೆ ತೊಳೆಯಬೇಕು. ನನ್ನ ಮೊದಲ ರಾ ಸಿಲ್ಕ್ ಟಾಪ್ ಹೊಲಿದದ್ದು ತೊಳೆಯದ ಬಟ್ಟೆಯಲ್ಲಿ. ಮೊದಲ ಒಗೆತಕ್ಕೆ ಲೈನಿಂಗ್ ಒಂದಳತೆ ಕುಗ್ಗಿತು, ರೇಷ್ಮೆ ಇನ್ನೊಂದಳತೆ ಕುಗ್ಗಿತು. ಅಂಚು ಜಾಲರಿಯ ಹಾಗೆ ಜೋತುಬಿದ್ದ ಆ ಟಾಪ್ ಈಗ ದಿಂಬಿನ ಚೀಲ.

ಬಣ್ಣ ಬಿಡುತ್ತದೆಯೇ ನೋಡಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. ಸ್ವಲ್ಪ ಬಣ್ಣ ಹತ್ತಿದರೆ ಗಾಬರಿ ಬೇಡ, ಯಾವಾಗಲೂ ಬೇರೆಯಾಗಿಯೇ ತೊಳೆಯಿರಿ. ತುಂಬಾ ಹತ್ತಿದರೆ ಆ ಬಟ್ಟೆ ದಿನಬಳಕೆಗಲ್ಲ, ಹಬ್ಬಕ್ಕಿರಲಿ.

ಕತ್ತರಿಸಿದ ಎರಡೂ ತುದಿಗಳಿಗೆ ಮೊದಲು ಜಿಗ್‌ಜಾಗ್ ಹಾಕಿ. ಇಲ್ಲದಿದ್ದರೆ ಬಕೆಟ್ಟಿನಿಂದ ತೆಗೆಯುವಾಗ ಬಟ್ಟೆಯ ಜೊತೆ ನೂಲಿನ ಉಂಡೆಯೂ ಕೈಗೆ ಬರುತ್ತದೆ. ತಣ್ಣೀರಿಗೆ ಒಂದು ಚಮಚ ಶಾಂಪೂ, ಅಥವಾ ನೆನೆಸಿ ಕಿವುಚಿ ಸೋಸಿದ ಅಂಟುವಾಳದ ನೀರು. ಬಟ್ಟೆ ಸೋಪು, ಸೋಡಾ, ಸಾಧಾರಣ ಡಿಟರ್ಜೆಂಟ್ ಪುಡಿ ಯಾವುದೂ ಕೂಡದು. ಅವುಗಳ ಕ್ಷಾರ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಐದು ನಿಮಿಷ ಅದ್ದಿ, ಮೆಲ್ಲಗೆ ಒತ್ತಿ, ಎರಡು ನೀರಿನಲ್ಲಿ ಜಾಲಿಸಿ. ಹಿಂಡಬೇಡಿ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸಿ. ಇನ್ನೂ ತುಸು ಹಸಿ ಇರುವಾಗಲೇ ಉಲ್ಟಾ ಮಗ್ಗುಲಿನಿಂದ, ಸಿಲ್ಕ್ ಶಾಖದಲ್ಲಿ ಇಸ್ತ್ರಿ ಮಾಡಿ.

ಅಂಗಡಿಯಲ್ಲಿದ್ದ ಗರಿಗರಿ ಸ್ವಲ್ಪ ಹೋಗುತ್ತದೆ, ಹೊಳಪು ಒಂದು ಪಾಲು ಇಳಿಯುತ್ತದೆ. ನನಗಂತೂ ತೊಳೆದ ಮೇಲಿನ ರಾ ಸಿಲ್ಕೇ ಇಷ್ಟ. ಮೈಗೆ ಒಗ್ಗುವುದು ಆಗಲೇ. ಇನ್ನೊಂದು ಲಾಭ, ತೊಳೆಯದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿದ್ದರೂ ಉಳಿಯುವ ವೃತ್ತಾಕಾರದ ಕಲೆಯ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಲೈನಿಂಗ್ ಬಟ್ಟೆಯನ್ನೂ ನೆನೆಸಿ ಒಣಗಿಸಿ, ಅದು ರೇಷ್ಮೆಗಿಂತ ಹೆಚ್ಚು ಕುಗ್ಗಬಹುದು.

ಹಂತ 2: ಗೆರೆ ಮಲಗಿರಲೋ, ನಿಂತಿರಲೋ?

ಪ್ಯಾನೆಲ್, ಅಂದರೆ ಮುಂಭಾಗ ಅಥವಾ ಹಿಂಭಾಗದ ಒಂದು ತುಂಡಿನ ಅಳತೆ: ಎದೆ 36ಕ್ಕೆ ಸಡಿಲ 6 ಸೇರಿಸಿ 42, ಅದರ ಅರ್ಧ 21, ಎರಡೂ ಪಕ್ಕದ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ, ಒಟ್ಟು ಒಂದೂವರೆ. ಅಗಲ 22½ ಇಂಚು. ಉದ್ದ 25ಕ್ಕೆ ಭುಜದ ಮಾರ್ಜಿನ್ ಅರ್ಧ, ಕೆಳಮಡಿಕೆ ಒಂದೂವರೆ ಸೇರಿಸಿ 27 ಇಂಚು. ಸಡಿಲ ಆರು ಇಂಚು ಜಾಸ್ತಿ ಎನ್ನಿಸಬಹುದು. ಕಡಿಮೆ ಮಾಡಬೇಡಿ. ರಾ ಸಿಲ್ಕ್ ಹಿಗ್ಗುವುದಿಲ್ಲ. ಬಿಗಿಯಾಗಿ ಹೊಲಿದರೆ ಹೊಲಿಗೆ ಬಿಡುವುದಿಲ್ಲ, ಹೊಲಿಗೆಯ ಪಕ್ಕದ ಎಳೆಗಳೇ ಸರಿದು ಜರಡಿಯ ಹಾಗೆ ಕಾಣತೊಡಗುತ್ತವೆ. ಬ್ಲೌಸಿನ ಕಂಕುಳಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ.

ಬಟ್ಟೆಯನ್ನು ಮಾಮೂಲಿನಂತೆ ಉದ್ದಕ್ಕೆ ಇಟ್ಟು ಕತ್ತರಿಸಿದರೆ ಉಬ್ಬು ಗೆರೆಗಳು ಮೈಮೇಲೆ ಅಡ್ಡ ಮಲಗುತ್ತವೆ. ಎರಡು ಉದ್ದ ಬೇಕು, ಅಂದರೆ 54 ಇಂಚು. ತೊಳೆದು ಕುಗ್ಗಿದ ಮೇಲೂ 1.6 ಮೀಟರಿನಲ್ಲಿ ಆರಾಮಾಗಿ ಆಗುತ್ತದೆ. ಪ್ಯಾನೆಲ್‌ಗಳನ್ನು ಬಟ್ಟೆಯ ಪನ್ನಕ್ಕೆ ತಿರುಗಿಸಿ ಇಟ್ಟರೆ ಗೆರೆಗಳು ನೆಟ್ಟಗೆ ನಿಲ್ಲುತ್ತವೆ, 45 ಇಂಚು ಬಟ್ಟೆ ಸಾಕು. 1.3 ಮೀಟರಿನ ಸಣ್ಣ ಪೀಸ್ ಇದ್ದವರಿಗೆ ಇದೇ ದಾರಿ. ಎರಡರಲ್ಲಿ ಯಾರಿಗೆ ಯಾವುದು ಚೆಂದ ಎಂಬ ಚರ್ಚೆ ಮುಗಿಯುವುದಿಲ್ಲ. ಕನ್ನಡಿ ಮುಂದೆ ಬಟ್ಟೆಯನ್ನು ಎರಡೂ ರೀತಿ ಹೆಗಲಿಗೆ ಹಾಕಿಕೊಂಡು ನೋಡಿ. ನಾನು ನಿಂತ ಗೆರೆಯ ಪಕ್ಷ.

ಮಾಡಬಾರದ್ದು ಒಂದೇ: ಬಟ್ಟೆ ಉಳಿಸಲು ಒಂದು ಪ್ಯಾನೆಲ್ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕತ್ತರಿಸುವುದು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿದ ಡಬಲ್ ಶೇಡ್ ಬಟ್ಟೆಯಲ್ಲಂತೂ ಮುಂದೆ ಹಸಿರು, ಹಿಂದೆ ಕೆಂಪು ಎಂಬಂತೆ ಕಾಣುತ್ತದೆ. ಎರಡೂ ಪ್ಯಾನೆಲ್‌ಗಳ ಮೇಲ್ತುದಿ ಒಂದೇ ದಿಕ್ಕಿಗಿರಲಿ, ಕತ್ತರಿಸಿದ ಕೂಡಲೇ ಮೇಲ್ತುದಿಯ ಉಲ್ಟಾ ಮಗ್ಗುಲಲ್ಲಿ ಚಾಕಿನಿಂದ ಬಾಣ ಹಾಕಿ.

ನೇರವಾಗಿ ಕತ್ತರಿಸಲು ಸ್ಕೇಲನ್ನು ನಂಬಬೇಡಿ, ಬಟ್ಟೆಯನ್ನೇ ನಂಬಿ. ಅಂಚಿಗೆ ಸಣ್ಣ ಕತ್ತರಿ ಗಾಯ ಮಾಡಿ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಬಂದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಗೆರೆ ಮೂಡುತ್ತದೆ, ಅದರ ಮೇಲೇ ಕತ್ತರಿ ನಡೆಸಿ. ಗಂಟಿನ ಹತ್ತಿರ ಎಳೆ ತುಂಡಾದರೆ ಪಕ್ಕದ ಎಳೆ ಹಿಡಿದು ಮುಂದುವರಿಸಿ. ನೇಯ್ಗೆಯ ಗಟ್ಟಿ ಅಂಚನ್ನು ಪ್ಯಾನೆಲ್‌ನೊಳಗೆ ಸೇರಿಸಬೇಡಿ, ಅದು ಬಟ್ಟೆಯನ್ನು ಜಗ್ಗುತ್ತದೆ.

ಲೈನಿಂಗ್‌ನಲ್ಲೂ ಎರಡು ಪ್ಯಾನೆಲ್ ಕತ್ತರಿಸಿ. ಉದ್ದ ಅಷ್ಟೇ, ಅಗಲ ಮಾತ್ರ ಕಾಲು ಇಂಚು ಕಡಿಮೆ. ಕತ್ತಿಗೆ, ಭುಜಕ್ಕೆ ಇನ್ನೂ ಕತ್ತರಿ ಹಾಕಬೇಡಿ.

ಹಂತ 3: ದಿಂಬಿನ ಚೀಲದ ಉಪಾಯ

ಎಳೆ ಬಿಚ್ಚುವ ಭಯಕ್ಕೆ ಉತ್ತರ ಇಲ್ಲಿದೆ. ಅಂಚು ಬಿಚ್ಚದಂತೆ ಸುತ್ತಿ ಹೊಲಿಯುವ ಓವರ್‌ಲಾಕ್ ಮೆಷಿನ್ ಬೇಕಿಲ್ಲ.

ಒಂದು ರೇಷ್ಮೆ ಪ್ಯಾನೆಲ್, ಒಂದು ಲೈನಿಂಗ್ ತಗೊಳ್ಳಿ. ಸೀದಾ ಮಗ್ಗುಲುಗಳು ಒಂದಕ್ಕೊಂದು ಮುಖ ಮಾಡಿರಲಿ. ಎಡ ಮತ್ತು ಬಲ ಪಕ್ಕಗಳನ್ನು ಮಾತ್ರ ಅಂಚಿನಿಂದ ಕಾಲು ಇಂಚು ಒಳಗೆ, ಮೇಲಿನಿಂದ ಕೆಳಗಿನವರೆಗೆ ಹೊಲಿಯಿರಿ. ಮೇಲ್ತುದಿ, ಕೆಳತುದಿ ತೆರೆದೇ ಇರಲಿ. ಹೊಲಿಗೆಯ ಉದ್ದ ಎರಡರಿಂದ ಎರಡೂವರೆ ಮಿಲಿಮೀಟರ್, ಹಳೆಯ ಕಪ್ಪು ಮೆಷಿನ್‌ನವರಿಗೆ ಇಂಚಿಗೆ ಹತ್ತು-ಹನ್ನೆರಡು ಹೊಲಿಗೆ ಎಂದರೆ ಗೊತ್ತಾಗುತ್ತದೆ. ಈಗ ದಿಂಬಿನ ಚೀಲದ ಹಾಗೆ ಒಳಗಿನದನ್ನು ಹೊರಗೆ ತಿರುಗಿಸಿ. ಬಿಚ್ಚುವ ಅಂಚುಗಳೆಲ್ಲ ಎರಡು ಪದರದ ನಡುವೆ ಹೋಗಿ ಕೂತವು. ಲೈನಿಂಗ್ ಕಾಲು ಇಂಚು ಸಣ್ಣದಿರುವುದರಿಂದ ರೇಷ್ಮೆಯ ಅಂಚು ತಾನೇ ತುಸು ಒಳಕ್ಕೆ ಹೊರಳುತ್ತದೆ, ಲೈನಿಂಗ್ ಹೊರಗೆ ಇಣುಕುವುದಿಲ್ಲ. ಹಾಗೆಯೇ ಇಸ್ತ್ರಿ ಒತ್ತಿ. ಇನ್ನೊಂದು ಜೋಡಿಗೂ ಹೀಗೇ.

ಹೊಲಿಯುವ ಮುಂಚೆ ಉಳಿದ ಚೂರಿನ ಮೇಲೆ ಎರಡು ಇಂಚು ಹೊಲಿದು ನೋಡಿ. ರಾ ಸಿಲ್ಕ್‌ನಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಸುಲಭಕ್ಕೆ ಮುಚ್ಚುವುದಿಲ್ಲ. ಗುಂಡುಸೂಜಿಯನ್ನೂ ಮಾರ್ಜಿನ್ ಒಳಗೇ ಚುಚ್ಚಿ.

ಹಂತ 4: ಕತ್ತು ಮತ್ತು ಭುಜ

ಅತಿ ಹೆಚ್ಚು ಕಣ್ಣೀರು ಬರುವ ಜಾಗ. ಕಾರಣ ಒಂದೇ: ಕತ್ತಿನ ಅಳತೆಯನ್ನು ಬ್ಲೌಸಿನಿಂದ ತೆಗೆಯುತ್ತೀರಿ. ಬ್ಲೌಸಿಗೆ ಹುಕ್ ಇರುತ್ತದೆ, ಈ ಟಾಪ್‌ಗೆ ಇಲ್ಲ, ತಲೆ ತೂರಬೇಕು. ಹಣೆಯ ಮೇಲಿಂದ ಟೇಪ್ ಸುತ್ತಿ ತಲೆಯ ಸುತ್ತಳತೆ ನೋಡಿಕೊಳ್ಳಿ, ಹೆಚ್ಚಿನವರಿಗೆ 22 ಇಂಚಿನ ಆಸುಪಾಸು. ಕತ್ತಿನ ಸುತ್ತಳತೆ ಅದಕ್ಕಿಂತ ಒಂದೂವರೆ-ಎರಡು ಇಂಚು ದೊಡ್ಡದಿರಬೇಕು.

ಪ್ಯಾನೆಲ್‌ನ ರೇಷ್ಮೆ ಮತ್ತು ಲೈನಿಂಗ್ ಅಲುಗಾಡದಂತೆ ಮೇಲ್ಭಾಗದಲ್ಲಿ ಕಚ್ಚಾ ಹೊಲಿಗೆ ಹಾಕಿ. ಕಚ್ಚಾ ಎಂದರೆ ಆಮೇಲೆ ಬಿಚ್ಚುವ, ಕೈಯಲ್ಲಿ ದೂರದೂರ ಹಾಕುವ ಹೊಲಿಗೆ. ನಂತರ ಪ್ಯಾನೆಲ್ಲನ್ನು ಉದ್ದಕ್ಕೆ ಅರ್ಧ ಮಡಚಿ. ಮಡಿಕೆಯಿಂದ ಮೂರೂ ಮುಕ್ಕಾಲು ಇಂಚು ಅಗಲ ಗುರುತಿಸಿ. ಆಳ ಮುಂಭಾಗಕ್ಕೆ ಐದೂವರೆ, ಹಿಂಭಾಗಕ್ಕೆ ಎರಡೂ ಕಾಲು. ದುಂಡಗೆ ಗೆರೆ ಎಳೆಯಿರಿ. ಮಾರ್ಜಿನ್ ಎಲ್ಲ ಕಳೆದ ಮೇಲೆ ಕತ್ತು ಎಂಟು ಇಂಚು ಅಗಲವಾಗಿ, ಸುತ್ತಳತೆ ಸುಮಾರು 24 ಬರುತ್ತದೆ. ಇದಕ್ಕಿಂತ ಚಿಕ್ಕ ಕತ್ತೇ ಬೇಕು ಎನ್ನುವವರು ಹಿಂದೆ ಮೂರು ಇಂಚು ಸೀಳು ಬಿಟ್ಟು ಒಂದು ಗುಂಡಿ ಇಡಿ.

ಭುಜಕ್ಕೆ ಕತ್ತಿನ ತುದಿಯಿಂದ ಪ್ಯಾನೆಲ್ಲಿನ ಹೊರತುದಿಗೆ ಒಂದೂ ಕಾಲು ಇಂಚು ಇಳಿಜಾರು ಕೊಡಿ. ಮೆತ್ತನೆ ಬಟ್ಟೆಯಾದರೆ ಇಳಿಜಾರಿಲ್ಲದೆಯೂ ನಡೆಯುತ್ತಿತ್ತು. ರಾ ಸಿಲ್ಕ್ ಸೆಟೆದು ನಿಲ್ಲುವ ಬಟ್ಟೆ, ಇಳಿಜಾರು ಕೊಡದಿದ್ದರೆ ಹೆಗಲ ತುದಿಯಲ್ಲಿ ರೆಕ್ಕೆ ಎದ್ದಂತೆ ಕಾಣುತ್ತದೆ.

ಕತ್ತರಿಸಿದ ಕೂಡಲೇ, ಟೀ ಕುಡಿಯಲು ಎದ್ದು ಹೋಗುವ ಮುಂಚೆ, ಕತ್ತಿನ ಅಂಚಿಗೆ ತೀರಾ ಹತ್ತಿರ ಒಂದು ಸಾಲು ಮೆಷಿನ್ ಹೊಲಿಗೆ ಹಾಕಿ. ದುಂಡು ಅಂಚು ಕೈ ತಾಗಿದಷ್ಟೂ ಹಿಗ್ಗುತ್ತದೆ.

ಈಗ ಎರಡು ಪ್ಯಾನೆಲ್‌ಗಳ ಸೀದಾ ಮಗ್ಗುಲು ಒಳಗಿರುವಂತೆ ಇಟ್ಟು ಭುಜಗಳನ್ನು ಅರ್ಧ ಇಂಚಿನಲ್ಲಿ ಜೋಡಿಸಿ. ಮಾರ್ಜಿನ್‌ಗೆ ಜಿಗ್‌ಜಾಗ್ ಹಾಕಿ, ಹಿಂಭಾಗದ ಕಡೆ ಮಲಗಿಸಿ, ಮೇಲಿನಿಂದ ಒಂದು ಸಾಲು ಹೊಲಿಗೆ ಕೊಡಿ. ಜಿಗ್‌ಜಾಗ್ ಇಲ್ಲದ ಮೆಷಿನ್ ಆದರೆ ಒಂದು ಮಾರ್ಜಿನ್ ಸಣ್ಣಗೆ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ ಹೊಲಿಯಿರಿ.

ಕತ್ತಿಗೆ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯ ಓರೆಗೆ ಕತ್ತರಿಸಿದ ಪಟ್ಟಿ. ಅದನ್ನು ರೇಷ್ಮೆಯಲ್ಲಲ್ಲ, ಉಳಿದ ಲೈನಿಂಗ್‌ನಲ್ಲಿ ಒಂದೂ ಕಾಲು ಇಂಚು ಅಗಲಕ್ಕೆ ಮಾಡಿ. ಗಂಟುಗಂಟಾದ ರೇಷ್ಮೆ ಪಟ್ಟಿ ಕತ್ತಿಗೆ ಚುಚ್ಚುತ್ತದೆ. ಸೀದಾ ಮಗ್ಗುಲಿನ ಮೇಲೆ ಪಟ್ಟಿ ಇಟ್ಟು, ಅದನ್ನು ಕೂದಲೆಳೆಯಷ್ಟು ಬಿಗಿ ಹಿಡಿದು, ಕಾಲು ಇಂಚಿನಲ್ಲಿ ಸುತ್ತ ಹೊಲಿಯಿರಿ. ದುಂಡಿನಲ್ಲಿ ಅರ್ಧರ್ಧ ಇಂಚಿಗೊಂದು ಸಣ್ಣ ಕಚ್ಚು ಕೊಡಿ, ಹೊಲಿಗೆ ಮುಟ್ಟಬಾರದು. ಪಟ್ಟಿಯನ್ನು ಪೂರ್ತಿ ಒಳಗೆ ತಿರುಗಿಸಿ, ಅಂಚು ಮಡಚಿ, ಲೈನಿಂಗ್‌ಗೆ ಮಾತ್ರ ಹಿಡಿಯುವಂತೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಸೂಜಿ ರೇಷ್ಮೆಯವರೆಗೆ ಹೋಗದಿದ್ದರೆ ಹೊರಗಿನಿಂದ ಒಂದು ಚುಕ್ಕಿಯೂ ಕಾಣುವುದಿಲ್ಲ.

ಹಂತ 5: ಪಕ್ಕಗಳು

ಇದು ಐದು ನಿಮಿಷದ ಕೆಲಸ. ಸೀದಾ ಮಗ್ಗುಲು ಒಳಗಿಟ್ಟು, ಭುಜದ ಹೊಲಿಗೆಯಿಂದ ಎಂಟೂವರೆ ಇಂಚು ಕೆಳಗೆ ಶುರುಮಾಡಿ, ಕೆಳತುದಿಗೆ ಆರು ಇಂಚು ಇರುವಾಗ ನಿಲ್ಲಿಸಿ. ಅಂಚಿನಿಂದ ಅರ್ಧ ಇಂಚು ಒಳಗೆ. ಮೇಲೆ ಬಿಟ್ಟದ್ದು ತೋಳಿನ ಬಾಯಿ, ಕೆಳಗೆ ಬಿಟ್ಟದ್ದು ಸೈಡ್ ಸ್ಲಿಟ್. ತೋಳು ದಪ್ಪವಿದ್ದವರು ಒಂಬತ್ತೂವರೆ ಬಿಡಿ. ಎರಡೂ ತುದಿಗಳಲ್ಲಿ ಮೂರು ಸಲ ಹಿಂದೆಮುಂದೆ ಹೊಲಿದು ಗಟ್ಟಿ ಮಾಡಿ, ಹರಿಯುವುದೇ ಅಲ್ಲಿ. ಮಾರ್ಜಿನ್ ಎರಡು ಕಡೆಗೆ ಬಿಡಿಸಿ ಇಸ್ತ್ರಿ ಒತ್ತಿ. ತೋಳಿನ ಬಾಯಿ, ಸ್ಲಿಟ್ ಎರಡರಲ್ಲೂ ಅರ್ಧ ಇಂಚು ಒಳಕ್ಕೆ ಮಡಿಕೆ ತಾನೇ ಬೀಳುತ್ತದೆ, ಕೈಯಲ್ಲಿ ಲೈನಿಂಗ್‌ಗೆ ಹಿಡಿಸಿಬಿಡಿ. ಅಂಚು ಮೊದಲೇ ಮುಚ್ಚಿರುವುದರಿಂದ ಇನ್ನೇನೂ ಇಲ್ಲ.

ಇಸ್ತ್ರಿಯ ಬಗ್ಗೆ ಒಂದು ಎಚ್ಚರ: ಮಾರ್ಜಿನ್ ಮತ್ತು ಬಟ್ಟೆಯ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಒತ್ತಿ. ಇಲ್ಲದಿದ್ದರೆ ಮಾರ್ಜಿನ್‌ನ ಅಚ್ಚು ಮುಂಭಾಗದಲ್ಲಿ ಹೊಳೆಯುವ ಗೆರೆಯಾಗಿ ಮೂಡುತ್ತದೆ.

ಹಂತ 6: ಕೆಳಮಡಿಕೆ

ಟಾಪನ್ನು ಹ್ಯಾಂಗರ್‌ಗೆ ಹಾಕಿ ಒಂದು ರಾತ್ರಿ ಬಿಡಿ. ರೇಷ್ಮೆ, ಹತ್ತಿ ಎರಡೂ ತಮ್ಮ ತಮ್ಮ ಭಾರಕ್ಕೆ ಇಳಿಯುತ್ತವೆ. ಬೆಳಿಗ್ಗೆ ಕೆಳಗಂಚನ್ನು ಸಮ ಮಾಡಿ. ಲೈನಿಂಗನ್ನು ರೇಷ್ಮೆಯಿಂದ ಬೇರ್ಪಡಿಸಿ ಹಿಡಿದು, ಅದನ್ನು ಮಾತ್ರ ಒಂದು ಇಂಚು ಗಿಡ್ಡ ಮಾಡಿ. ಕತ್ತರಿಯ ಕೆಳ ಅಲಗು ಎಲ್ಲಿದೆ ಎಂದು ಎರಡು ಸಲ ನೋಡಿ, ರೇಷ್ಮೆಗೆ ತಾಗಿದರೆ ದುರಸ್ತಿಯಿಲ್ಲ. ರೇಷ್ಮೆಯನ್ನು ಮೊದಲು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿದರೆ ಲೈನಿಂಗ್‌ನ ತುದಿ ಅದರೊಳಗೆ ಮುಚ್ಚಿಹೋಗುತ್ತದೆ. ಕೈಯಲ್ಲಿ ಹೆಮ್ಮಿಂಗ್. ಮೆಷಿನ್ ಹೊಲಿಗೆ ಹಾಕಿದರೂ ತಪ್ಪೇನಿಲ್ಲ, ಆದರೆ ಗಂಟಿನ ಎಳೆಗಳ ಮೇಲೆ ಸಾಲು ಸೊಟ್ಟಗೆ ಹೋಗುತ್ತದೆ, ಮಾಡಿ ನೋಡಿದರೆ ಗೊತ್ತಾಗುತ್ತದೆ.

ಹಾಕಿದ ಮೇಲೆ

ರೇಷ್ಮೆಗೆ ದೊಡ್ಡ ಶತ್ರು ಬೆವರು. ಬೆವರಿನ ದಿನ ಹಾಕಿದ್ದನ್ನು ವಾರಗಟ್ಟಲೆ ಮೊಳೆಗೆ ತೂಗುಹಾಕಬೇಡಿ, ಅಂದೇ ತಣ್ಣೀರಿನಲ್ಲಿ ಜಾಲಿಸಿ. ಸೆಂಟು, ಡಿಯೋಡರೆಂಟ್ ಹಾಕಿ ಒಣಗಿದ ಮೇಲೆಯೇ ಟಾಪ್ ತೊಡಿ. ತೊಳೆಯುವುದು ಹಂತ 1ರಂತೆಯೇ, ವಾಷಿಂಗ್ ಮೆಷಿನ್ ಬೇಡ.

ಬಳೆಗೋ ಬ್ಯಾಗಿನ ಜಿಪ್‌ಗೋ ಸಿಕ್ಕಿ ಒಂದು ಎಳೆ ಕುಣಿಕೆಯಾಗಿ ಹೊರಬಂದರೆ ಕತ್ತರಿಸಬೇಡಿ, ಅಲ್ಲಿಂದಲೇ ತೂತಾಗುತ್ತದೆ. ಸಣ್ಣ ಸೂಜಿಯಲ್ಲಿ ದಾರವನ್ನು ಜೋಡಿಯಾಗಿ ಪೋಣಿಸಿ, ಎಳೆ ಎದ್ದ ಜಾಗದಲ್ಲೇ ಮೇಲಿನಿಂದ ಚುಚ್ಚಿ, ಆ ಕುಣಿಕೆಯನ್ನು ದಾರಕ್ಕೆ ಸಿಕ್ಕಿಸಿ ಒಳಕ್ಕೆ ಎಳೆದುಬಿಡಿ. ಉಬ್ಬು ಗೆರೆಗಳ ಬಟ್ಟೆಯಾದ್ದರಿಂದ ಎಲ್ಲಿ ಸಿಕ್ಕಿತ್ತೆಂದು ಆಮೇಲೆ ನಿಮಗೇ ಹುಡುಕಲಾಗದು.